ಲೆಕ್ಕ ತಾಳೆಯಾಗದ ಕಲ್ಲು: ಮೇಡಂ ಕ್ಯೂರಿ ಅವರ ಜೀವನ



ಒಂದು ಕ್ವಿಂಟಾಲ್ ರಾಗಿ ಚೀಲವನ್ನು ತಕ್ಕಡಿಗೆ ಹಾಕಿದಾಗ ನಾಲ್ಕು ಕ್ವಿಂಟಾಲ್ ತೂಗಿದರೆ ನಾವೇನು ಅಂತೀವಿ? ತಕ್ಕಡಿ ಕೆಟ್ಟಿದೆ ಅಂತೀವಿ. ತಕ್ಕಡಿ ಸರಿಯಾಗೇ ಇದ್ದರೆ, ಚೀಲದೊಳಗೆ ರಾಗಿ ಬಿಟ್ಟು ಬೇರೆ ಏನೋ ಇದೆ ಅಂತೀವಿ.

1898ನೇ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಮೂವತ್ತು ವರ್ಷದ ಒಬ್ಬ ಹೆಣ್ಣುಮಗಳ ಎದುರಿಗೆ ಇಂಥದೇ ಒಂದು ಲೆಕ್ಕ ಬಂದು ನಿಂತಿತು. ಕಲ್ಲಿನಿಂದ ಹೊರಡುವ, ಕಣ್ಣಿಗೆ ಕಾಣದ ಕಿರಣಗಳನ್ನು ಅವರು ಅಳೆಯುತ್ತಿದ್ದರು. ಬರಬೇಕಾದ್ದಕ್ಕಿಂತ ಬಹಳ ಹೆಚ್ಚು ಬಂತು. ಯಂತ್ರ ಕೆಟ್ಟಿದೆ ಅಂತ ಅವರು ಸುಮ್ಮನಾಗಲಿಲ್ಲ. ಆ ಒಂದು ಅಂಕಿಯ ಬೆನ್ನು ಹತ್ತಿ ನಾಲ್ಕು ವರ್ಷ ದುಡಿದರು. ಅವರೇ ಮೇಡಂ ಕ್ಯೂರಿ.

ಪಾಠಪುಸ್ತಕದಲ್ಲಿ ರೇಡಿಯಂ ಕಂಡುಹಿಡಿದವರು ಯಾರು ಅಂದರೆ ಒಂದೇ ಸಾಲಿನ ಉತ್ತರ. ಆ ಒಂದು ಸಾಲಿನ ಹಿಂದಿನ ಬದುಕನ್ನು ಈ ಸಲದ ಗೋಡೆ ಪತ್ರಿಕೆಯಲ್ಲಿ ಬರೆದಿದ್ದೇವೆ. ನಿಂತುಕೊಂಡು ಓದಬೇಕು, ಸ್ವಲ್ಪ ಉದ್ದವಿದೆ. ಇವತ್ತು ಅರ್ಧ, ನಾಳೆ ಅರ್ಧ ಓದಿದರೂ ಆಯಿತು.

ಹುಟ್ಟು ಮತ್ತು ಬಾಲ್ಯ

ಮೇಡಂ ಕ್ಯೂರಿಯವರ ಹುಟ್ಟು ಹೆಸರು ಮಾರಿಯಾ ಸ್ಕ್ಲೊಡೊವ್ಸ್ಕಾ. 1867ನೇ ಇಸವಿ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಹುಟ್ಟಿದರು. ಐದು ಮಕ್ಕಳಲ್ಲಿ ಕೊನೆಯವಳು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದವರು.

ಆಗ ಪೋಲೆಂಡ್ ಅನ್ನುವ ದೇಶ ನಕ್ಷೆಯಲ್ಲೇ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ನಗರ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು. ಶಾಲೆಯಲ್ಲಿ ಎಲ್ಲಾ ರಷ್ಯನ್ ಭಾಷೆಯಲ್ಲೇ ನಡೆಯಬೇಕೆಂದು ಆಜ್ಞೆ. ಆದರೂ ಟೀಚರುಗಳು ಗುಟ್ಟಾಗಿ ಪೋಲಿಷ್ ಭಾಷೆಯಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದರು. ಇನ್‌ಸ್ಪೆಕ್ಟರ್ ಬಂದರು ಅನ್ನುವ ಗಂಟೆ ಕೇಳಿದ ಕೂಡಲೇ ಪುಸ್ತಕಗಳು ಮಾಯ! ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆಗೆಲ್ಲ ರಷ್ಯನ್ ಭಾಷೆಯಲ್ಲಿ ತಪ್ಪಿಲ್ಲದೆ ಉತ್ತರ ಹೇಳುವ ಕೆಲಸ ಪುಟ್ಟ ಮಾರಿಯಾಳದು. ಹೇಳುತ್ತಿದ್ದಳು, ಅವರು ಹೋದ ಮೇಲೆ ಅಳುತ್ತಿದ್ದಳು.

ಮನೆಯಲ್ಲೂ ಕಷ್ಟ ಬಂತು. ದೊಡ್ಡಕ್ಕ ಜ್ವರ ಬಂದು ತೀರಿಕೊಂಡಳು. ತಾಯಿಗೆ ಕ್ಷಯರೋಗ. ರೋಗ ಮಕ್ಕಳಿಗೆ ತಗುಲೀತು ಅಂತ ಆ ತಾಯಿ ಮಕ್ಕಳಿಗೆ ಒಂದು ಮುತ್ತನ್ನೂ ಕೊಡುತ್ತಿರಲಿಲ್ಲ. 1878ರಲ್ಲಿ ತಾಯಿ ತೀರಿಕೊಂಡಾಗ ಮಾರಿಯಾಗೆ ಹತ್ತು ವರ್ಷ. ತಂದೆಯ ಸಂಬಳ ಸಾಲದೆ ಮನೆಯಲ್ಲಿ ಬೇರೆ ಹುಡುಗರನ್ನು ಊಟ ವಸತಿಗೆ ಇಟ್ಟುಕೊಂಡಿದ್ದರು. ಇಷ್ಟೆಲ್ಲ ಇದ್ದರೂ 1883ರಲ್ಲಿ ಶಾಲೆ ಮುಗಿಸಿದಾಗ ಮಾರಿಯಾಗೆ ಚಿನ್ನದ ಪದಕ ಬಂತು.

ಅಕ್ಕ ತಂಗಿಯ ಒಪ್ಪಂದ

ಪದಕ ಬಂತು, ಮುಂದೇನು? ವಾರ್ಸಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅದಕ್ಕಾಗಿ ಅಲ್ಲಿಯ ದೇಶಾಭಿಮಾನಿಗಳು ಗುಟ್ಟಾಗಿ ಒಂದು ಸಂಚಾರಿ ವಿಶ್ವವಿದ್ಯಾಲಯ ನಡೆಸುತ್ತಿದ್ದರು. ಪೊಲೀಸರಿಗೆ ಗೊತ್ತಾಗದ ಹಾಗೆ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಮಾರಿಯಾ ಮತ್ತು ಅಕ್ಕ ಬ್ರೋನ್ಯಾ ಅಲ್ಲಿ ಹೋಗಿ ಕಲಿತರು.

ಬ್ರೋನ್ಯಾಗೆ ಡಾಕ್ಟರ್ ಆಗುವ ಆಸೆ. ಮಾರಿಯಾಗೆ ವಿಜ್ಞಾನ ಓದುವ ಆಸೆ. ಎರಡಕ್ಕೂ ಪ್ಯಾರಿಸ್‌ಗೆ ಹೋಗಬೇಕು. ದುಡ್ಡು ಒಬ್ಬರಿಗೂ ಸಾಲದು. ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಹೋಗಿ ಓದುವುದು, ತಂಗಿ ದುಡಿದು ದುಡ್ಡು ಕಳಿಸುವುದು. ಅಕ್ಕ ಡಾಕ್ಟರ್ ಆದ ಮೇಲೆ ತಂಗಿಯನ್ನು ಕರೆಸಿಕೊಂಡು ಓದಿಸುವುದು.

ಹೀಗೆ ಹದಿನೆಂಟನೇ ವಯಸ್ಸಿಗೆ ಮಾರಿಯಾ ದೂರದ ಶ್ಚೂಕಿ ಎಂಬ ಹಳ್ಳಿಗೆ ಮನೆಪಾಠ ಹೇಳಲು ಹೋದಳು. ಅದು ಸಕ್ಕರೆ ಬೀಟ್‌ರೂಟ್ ಬೆಳೆಯುವ ಹಳ್ಳಿ. ದಣಿಗಳ ಮಕ್ಕಳಿಗೆ ಪಾಠ ಹೇಳುವುದು ಸಂಬಳದ ಕೆಲಸ. ಅದು ಮುಗಿದ ಮೇಲೆ ಮಾರಿಯಾ ಇನ್ನೊಂದು ಕೆಲಸ ಇಟ್ಟುಕೊಂಡಳು. ಹೊಲದಲ್ಲಿ ದುಡಿಯುವವರ ಮಕ್ಕಳನ್ನು ಸೇರಿಸಿ ಪೋಲಿಷ್ ಅಕ್ಷರ ಕಲಿಸುತ್ತಿದ್ದಳು. ಸಿಕ್ಕಿಬಿದ್ದರೆ ಕಠಿಣ ಶಿಕ್ಷೆ. ಆದರೂ ಬಿಡಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾನು ಗಣಿತ ಮತ್ತು ಭೌತಶಾಸ್ತ್ರದ ಪುಸ್ತಕ ಹಿಡಿಯುತ್ತಿದ್ದಳು. ಆ ಮನೆಯ ದೊಡ್ಡ ಮಗ ಅವಳನ್ನು ಮದುವೆಯಾಗುತ್ತೇನೆ ಎಂದಾಗ, ಬಡ ಹುಡುಗಿ ಬೇಡ ಅಂತ ಅವನ ತಂದೆ ತಾಯಿ ಒಪ್ಪಲಿಲ್ಲ. ಅವಮಾನ ನುಂಗಿಕೊಂಡು ಅದೇ ಮನೆಯಲ್ಲಿ ಕೆಲಸ ಮುಂದುವರಿಸಿದಳು. ಯಾಕೆಂದರೆ ಪ್ಯಾರಿಸ್‌ನಲ್ಲಿ ಅಕ್ಕನ ಓದು ಆ ಸಂಬಳದ ಮೇಲೆ ನಿಂತಿತ್ತು.

ಪ್ಯಾರಿಸ್‌ನ ಅಟ್ಟದ ಕೋಣೆ

1891ರಲ್ಲಿ ಮಾರಿಯಾಳ ಸರದಿ ಬಂತು. ರೈಲಿನಲ್ಲಿ ಕಡಿಮೆ ದರದ ಡಬ್ಬಿ. ಊಟದ ಗಂಟು, ಕೂರಲು ಮಡಿಚುವ ಕುರ್ಚಿ ಎಲ್ಲಾ ತಾನೇ ಹೊತ್ತುಕೊಂಡು ಹೋದಳು. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸುವಾಗ ಮಾರಿಯಾ ಎಂಬುದು ಫ್ರೆಂಚ್ ರೀತಿಯಲ್ಲಿ ಮೇರಿ ಆಯಿತು.

ಕೆಲವು ತಿಂಗಳು ಅಕ್ಕನ ಮನೆ, ಆಮೇಲೆ ಕಾಲೇಜಿಗೆ ಹತ್ತಿರ ಆರನೇ ಮಹಡಿಯ ಮೇಲಿನ ಅಟ್ಟದ ಕೋಣೆ. ಚಳಿಗಾಲದಲ್ಲಿ ಬೋಗುಣಿಯ ನೀರು ಹೆಪ್ಪುಗಟ್ಟುತ್ತಿತ್ತು. ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದು ಮಲಗುತ್ತಿದ್ದರು. ಎಷ್ಟೋ ದಿನ ಬ್ರೆಡ್ಡು ಟೀ ಅಷ್ಟೇ ಊಟ. ಭಾಷೆಯೂ ಹೊಸದು, ಮೊದಲು ಕಲಿತದ್ದು ಸಾಲದು. ಆದರೂ 1893ರ ಭೌತಶಾಸ್ತ್ರ ಪದವಿ ಪರೀಕ್ಷೆಯಲ್ಲಿ ತರಗತಿಗೇ ಮೊದಲನೆಯವರು. 1894ರ ಗಣಿತ ಪದವಿಯಲ್ಲಿ ಎರಡನೆಯವರು. ಗಣಿತ ಓದಲು ಊರಿನಿಂದ 600 ರೂಬಲ್ ವಿದ್ಯಾರ್ಥಿವೇತನ ಬಂದಿತ್ತು. ಅದನ್ನು ಯಾರೂ ವಾಪಸ್ ಕೇಳುವ ಪದ್ಧತಿ ಇರಲಿಲ್ಲ. ಮೇರಿ ಸಂಪಾದನೆ ಶುರುವಾದ ಮೇಲೆ ಪೂರ್ತಿ ಹಿಂದಿರುಗಿಸಿದರು, ಇನ್ನೊಬ್ಬ ಬಡ ವಿದ್ಯಾರ್ಥಿಗೆ ಆಗಲಿ ಅಂತ.

1894ರಲ್ಲಿ ಪಿಯರ್ ಕ್ಯೂರಿ ಎಂಬ ವಿಜ್ಞಾನಿಯ ಪರಿಚಯವಾಯಿತು. ಅವರೂ ಮೇಷ್ಟ್ರೇ. ಕ್ವಾರ್ಟ್ಜ್ ಎಂಬ ಹರಳನ್ನು ಒತ್ತಿದರೆ ಅಥವಾ ಎಳೆದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತೆ ಅಂತ ಪಿಯರ್ ಮತ್ತು ಅವರ ಅಣ್ಣ 1880ರಲ್ಲೇ ಕಂಡುಹಿಡಿದಿದ್ದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ. 1895ರ ಜುಲೈ 26ರಂದು ಇಬ್ಬರ ಮದುವೆ ಸರಳವಾಗಿ ಆಯಿತು. ಉಡುಗೊರೆ ಬಂದ ಹಣದಲ್ಲಿ ಎರಡು ಸೈಕಲ್ ಕೊಂಡರು!

ಮೋಡ ಕವಿದಾಗ ಸಿಕ್ಕ ಕಿರಣ

1895ರ ಕೊನೆಯಲ್ಲಿ ಜರ್ಮನಿಯ ರಾಂಟ್‌ಜನ್ ಅವರು ಎಕ್ಸ್-ರೇ ಕಂಡುಹಿಡಿದರು. ಮರುವರ್ಷ ಪ್ಯಾರಿಸ್‌ನಲ್ಲಿ ಹೆನ್ರಿ ಬೆಕೆರಲ್ ಎಂಬ ವಿಜ್ಞಾನಿ ಯುರೇನಿಯಂ ಲವಣದ ಮೇಲೆ ಪ್ರಯೋಗ ಮಾಡುತ್ತಿದ್ದರು. ಲವಣವನ್ನು ಬಿಸಿಲಿಗಿಟ್ಟರೆ ಅದು ಎಕ್ಸ್-ರೇ ತರಹದ ಕಿರಣ ಬಿಡಬಹುದು ಅಂತ ಅವರ ಊಹೆ. ಆದರೆ ಫೆಬ್ರವರಿ ಕೊನೆಯಲ್ಲಿ ಕೆಲವು ದಿನ ಮೋಡ ಕವಿದು ಬಿಸಿಲೇ ಬರಲಿಲ್ಲ. ಕಪ್ಪು ಕಾಗದ ಸುತ್ತಿದ ಫೋಟೋ ಪ್ಲೇಟು ಮತ್ತು ಲವಣವನ್ನು ಹಾಗೇ ಡ್ರಾಯರ್‌ನಲ್ಲಿ ಇಟ್ಟರು. ಮಾರ್ಚ್ 1ರಂದು ಪ್ಲೇಟನ್ನು ತೊಳೆದು ನೋಡಿದರೆ ಅದರ ಮೇಲೆ ಚಿತ್ರ ಗಾಢವಾಗಿ ಮೂಡಿತ್ತು. ಬಿಸಿಲು ಬೇಕಾಗಿಯೇ ಇರಲಿಲ್ಲ. ಯುರೇನಿಯಂ ತನ್ನಷ್ಟಕ್ಕೆ ತಾನೇ ಕಿರಣ ಬಿಡುತ್ತಿತ್ತು.

ಎಲ್ಲರಿಗೂ ಎಕ್ಸ್-ರೇ ಹುಚ್ಚು ಹಿಡಿದಿದ್ದ ಕಾಲ ಅದು. ಯುರೇನಿಯಂ ಕಿರಣದ ಕಡೆ ಹೆಚ್ಚು ಜನ ತಿರುಗಿ ನೋಡಲಿಲ್ಲ. 1897ರಲ್ಲಿ ಮೊದಲ ಮಗಳು ಐರೀನ್ ಹುಟ್ಟಿದ ಮೇಲೆ ಮೇರಿ ಡಾಕ್ಟರೇಟ್ ಪದವಿಗೆ ಇದೇ ವಿಷಯ ಆರಿಸಿಕೊಂಡರು.

ತಾಳೆಯಾಗದ ಅಂಕಿ

ಫೋಟೋ ಪ್ಲೇಟಿನಲ್ಲಿ ಕಪ್ಪಾಯಿತೋ ಇಲ್ಲವೋ ಅಷ್ಟೇ ಗೊತ್ತಾಗುತ್ತೆ. ಎಷ್ಟು ಅನ್ನುವುದು ಮೇರಿಯವರಿಗೆ ಬೇಕಿತ್ತು. ಈ ಕಿರಣ ಹಾದುಹೋದ ಗಾಳಿಯಲ್ಲಿ ಸ್ವಲ್ಪ ವಿದ್ಯುತ್ತು ಹರಿಯುತ್ತೆ. ಆ ವಿದ್ಯುತ್ತು ಎಷ್ಟು ಸಣ್ಣದೆಂದರೆ ಮಾಮೂಲಿ ಯಂತ್ರಕ್ಕೆ ಸಿಗುವುದೇ ಇಲ್ಲ. ಇಲ್ಲಿ ಪಿಯರ್ ಅವರ ಕ್ವಾರ್ಟ್ಜ್ ಹರಳು ಕೆಲಸಕ್ಕೆ ಬಂತು. ಹರಳಿಗೆ ತೂಕ ನೇತುಹಾಕಿ, ಅದರಲ್ಲಿ ಹುಟ್ಟುವ ವಿದ್ಯುತ್ತಿನಿಂದ ಕಿರಣದ ವಿದ್ಯುತ್ತನ್ನು ಸರಿದೂಗಿಸುವುದು. ಒಂದು ರೀತಿಯಲ್ಲಿ ಅದೂ ತಕ್ಕಡಿಯೇ.

ಮೇರಿ ಯುರೇನಿಯಂ ಅನ್ನು ಪುಡಿ ಮಾಡಿ ನೋಡಿದರು, ನೆನೆಸಿ ನೋಡಿದರು, ಬಿಸಿ ಮಾಡಿ ನೋಡಿದರು, ಬೇರೆ ಧಾತುಗಳ ಜೊತೆ ಸೇರಿಸಿ ನೋಡಿದರು. ಕಿರಣದ ಪ್ರಮಾಣ ಒಂದನ್ನೇ ಅವಲಂಬಿಸಿತ್ತು: ಯುರೇನಿಯಂ ಎಷ್ಟಿದೆ ಅನ್ನುವುದನ್ನು. ಅಂದರೆ ಈ ಗುಣ ಯುರೇನಿಯಂ ಪರಮಾಣುವಿನ ಒಳಗೇ ಇದೆ ಅಂತ ಅವರು ತಿಳಿದುಕೊಂಡರು. ಆಮೇಲೆ ಸಿಕ್ಕ ಧಾತುಗಳನ್ನೆಲ್ಲ ಪರೀಕ್ಷಿಸಿದರು. ಥೋರಿಯಂ ಕೂಡ ಕಿರಣ ಬಿಡುತ್ತಿತ್ತು. ಈ ಗುಣಕ್ಕೆ ರೇಡಿಯೋ ಆಕ್ಟಿವಿಟಿ ಅಂತ ಹೆಸರು ಬಂದದ್ದು ಕ್ಯೂರಿ ದಂಪತಿಗಳಿಂದಲೇ. ಕನ್ನಡದಲ್ಲಿ ವಿಕಿರಣಶೀಲತೆ ಅನ್ನುತ್ತೇವೆ.

ಆಮೇಲೆ ಗಣಿಯಿಂದ ಬಂದ ಕಲ್ಲುಗಳ ಸರದಿ. ಪಿಚ್‌ಬ್ಲೆಂಡ್ ಎಂಬುದು ಯುರೇನಿಯಂ ಇರುವ ಕಪ್ಪು ಅದಿರು. ಅದರಲ್ಲಿ ಯುರೇನಿಯಂ ಜೊತೆ ಬೇರೆ ವಸ್ತುಗಳೂ ಇರುವುದರಿಂದ ಶುದ್ಧ ಯುರೇನಿಯಂಗಿಂತ ಕಡಿಮೆ ಕಿರಣ ಬರಬೇಕು. ಬಂದದ್ದು ಸುಮಾರು ನಾಲ್ಕು ಪಟ್ಟು ಹೆಚ್ಚು! ಮೇರಿ ಮತ್ತೆ ಅಳೆದರು. ಅದೇ ಬಂತು. ಚಾಲ್ಕೊಲೈಟ್ ಎಂಬ ಇನ್ನೊಂದು ಅದಿರು ಸುಮಾರು ಎರಡು ಪಟ್ಟು ತೋರಿಸಿತು.

ಈಗ ಅವರು ಮಾಡಿದ ಉಪಾಯ ನೋಡಿ. ಚಾಲ್ಕೊಲೈಟಿನಲ್ಲಿ ಏನೇನು ಇದೆ ಅಂತ ಆಗಲೇ ಗೊತ್ತಿತ್ತು. ಅದೇ ಸಾಮಾನು, ಅದೇ ಅಳತೆ ಹಾಕಿ ಪ್ರಯೋಗಶಾಲೆಯಲ್ಲಿ ತಾವೇ ಚಾಲ್ಕೊಲೈಟ್ ತಯಾರಿಸಿದರು. ಈ ಕೈಯಲ್ಲಿ ಮಾಡಿದ ಕಲ್ಲು ಲೆಕ್ಕಕ್ಕೆ ಸರಿಯಾಗಿ ಕಡಿಮೆ ಕಿರಣವನ್ನೇ ಕೊಟ್ಟಿತು. ಅಲ್ಲಿಗೆ ಯಂತ್ರ ಸರಿಯಿದೆ, ಲೆಕ್ಕವೂ ಸರಿಯಿದೆ. ನೆಲದಿಂದ ಬಂದ ಕಲ್ಲಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲದ ಏನೋ ಇದೆ!

ಪಿಯರ್ ಅವರೂ ತಮ್ಮ ಕೆಲಸ ಬಿಟ್ಟು ಜೊತೆಗೂಡಿದರು. 1898ರ ಜುಲೈನಲ್ಲಿ ಒಂದು ಹೊಸ ಧಾತುವಿನ ಸುಳಿವು ಸಿಕ್ಕಿತು. ನಕ್ಷೆಯಲ್ಲಿ ಇಲ್ಲದ ತನ್ನ ದೇಶದ ಹೆಸರನ್ನು ಮೇರಿ ಅದಕ್ಕಿಟ್ಟರು: ಪೊಲೋನಿಯಂ. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡನೆಯ ಧಾತು ಪ್ರಕಟಿಸಿದರು: ರೇಡಿಯಂ.

ಬಿಸಾಡಿದ ಕಸದಲ್ಲಿ

ಆದರೆ ರಸಾಯನಶಾಸ್ತ್ರಜ್ಞರು ಸುಲಭಕ್ಕೆ ನಂಬುವವರಲ್ಲ. ಹೊಸ ಧಾತು ಎಲ್ಲಿ, ತೋರಿಸಿ, ಅದರ ಪರಮಾಣು ತೂಕ ಹೇಳಿ ಅಂದರು. ತೋರಿಸಬೇಕಾದರೆ ರಾಶಿ ರಾಶಿ ಅದಿರು ಬೇಕು. ಅದಕ್ಕೆ ದುಡ್ಡಿಲ್ಲ.

ಆಗಿನ ಆಸ್ಟ್ರಿಯ ಸಾಮ್ರಾಜ್ಯದಲ್ಲಿ, ಈಗಿನ ಚೆಕ್ ದೇಶದಲ್ಲಿ, ಯೋಆಖಿಮ್‌ಸ್ಟಾಲ್ ಎಂಬ ಊರಿನಲ್ಲಿ ಪಿಚ್‌ಬ್ಲೆಂಡ್ ಗಣಿ ಇತ್ತು. ಗಾಜಿಗೆ ಬಣ್ಣ ಕೊಡಲು ಯುರೇನಿಯಂ ತೆಗೆದುಕೊಂಡು, ಉಳಿದ ಗಸಿಯನ್ನು ಪೈನ್ ಮರಗಳ ಕಾಡಿನಲ್ಲಿ ಸುರಿಯುತ್ತಿದ್ದರು. ಹೊಸ ಧಾತು ಇರುವುದು ಆ ಗಸಿಯಲ್ಲೇ ಅಂತ ಕ್ಯೂರಿಗಳು ಲೆಕ್ಕ ಹಾಕಿದರು. ಮೊದಲ ಒಂದು ಟನ್ ಅನ್ನು ಆಸ್ಟ್ರಿಯ ಸರ್ಕಾರ ಪುಕ್ಕಟೆ ಕೊಟ್ಟಿತು. ಕಂದು ಬಣ್ಣದ ಪುಡಿ, ಅದರ ಜೊತೆ ಪೈನ್ ಮರದ ಎಲೆ ಕಸ, ಚೀಲಗಳಲ್ಲಿ ಬಂತು.

ಕೆಲಸ ಮಾಡಲು ಸಿಕ್ಕಿದ್ದು ಒಂದು ಹಳೇ ಶೆಡ್ಡು. ಹಿಂದೆ ಅಲ್ಲಿ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿಯುತ್ತಿದ್ದರಂತೆ. ಮಳೆ ಬಂದರೆ ಸೋರುವುದು, ಬೇಸಿಗೆಯಲ್ಲಿ ಕುಲುಮೆಯ ಹಾಗೆ ಕಾಯುವುದು. ವಿಷದ ಹೊಗೆ ಹೋಗಲು ಚಿಮಣಿ ಇರಲಿಲ್ಲ, ಆದ್ದರಿಂದ ಎಷ್ಟೋ ಕೆಲಸ ಅಂಗಳದಲ್ಲೇ. ಮೇರಿ ಒಂದು ಸಲಕ್ಕೆ 20 ಕಿಲೋ ಗಸಿಯನ್ನು ಕಡಾಯಿಯಲ್ಲಿ ಕುದಿಸಿ, ತಮ್ಮಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಗಂಟೆಗಟ್ಟಲೆ ಕಲಕುತ್ತಿದ್ದರು. ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕಲಕುವವರನ್ನು ನೋಡಿದವರಿಗೆ ಆ ಕೆಲಸದ ಆಯಾಸ ಗೊತ್ತು. ಸಂಜೆ ಹೊತ್ತಿಗೆ ಮೈ ಎಲ್ಲಾ ನುಜ್ಜುಗುಜ್ಜು. ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಮತ್ತೆ ಶೆಡ್ಡಿಗೆ ಬಂದು ದೀಪ ಹಚ್ಚದೆ ನಿಲ್ಲುತ್ತಿದ್ದರು. ಸುತ್ತ ಹಲಗೆಗಳ ಮೇಲೆ ಇಟ್ಟ ಬಾಟಲಿಗಳು ಕತ್ತಲಲ್ಲಿ ಮಿಣುಕು ಹುಳುವಿನ ಹಾಗೆ ಮಂದವಾಗಿ ಹೊಳೆಯುತ್ತಿದ್ದವು.

1902ರಲ್ಲಿ, ಅಂದರೆ ಸುಮಾರು ನಾಲ್ಕು ವರ್ಷದ ಮೇಲೆ, ಟನ್‌ಗಟ್ಟಲೆ ಗಸಿಯಿಂದ ರೇಡಿಯಂ ಲವಣ ಸಿಕ್ಕಿತು. ಎಷ್ಟು? ಒಂದು ಗ್ರಾಂನ ಹತ್ತನೇ ಒಂದು ಭಾಗ! ಕಿರುಬೆರಳ ಉಗುರಿನ ಮೇಲೆ ಇಟ್ಟರೂ ಜಾಗ ಮಿಗುತ್ತೆ. ಅದರಿಂದ ಪರಮಾಣು ತೂಕ 225 ಅಂತ ಲೆಕ್ಕ ಹಾಕಿದರು. ಈಗ ನಮಗೆ ಗೊತ್ತಿರುವ ತೂಕ 226. ಆ ಶೆಡ್ಡಿನಲ್ಲಿ ಮಾಡಿದ ಲೆಕ್ಕ ಎಷ್ಟು ಹತ್ತಿರ ನೋಡಿ.

ಕಲ್ಲಿನೊಳಗೆ ಏನಾಗುತ್ತಿದೆ?

ಅಷ್ಟೊಂದು ಕಲ್ಲಿನಲ್ಲಿ ಇಷ್ಟೇ ಯಾಕೆ ಅಂತ ಕೇಳಬಹುದು. ಇದಕ್ಕೆ ಉತ್ತರ ಕೊಟ್ಟವರು ರುದರ್‌ಫರ್ಡ್ ಮತ್ತು ಸಾಡಿ, 1902ರ ಹೊತ್ತಿಗೆ ಕೆನಡಾ ದೇಶದ ಮಾಂಟ್ರಿಯಲ್‌ನಲ್ಲಿ. ಕಿರಣ ಬಿಡುವ ಪರಮಾಣು ಹಾಗೇ ಉಳಿಯುವುದಿಲ್ಲ, ಒಡೆದು ಬೇರೆ ಧಾತುವೇ ಆಗುತ್ತೆ ಅಂತ ಅವರು ತೋರಿಸಿದರು.

ಯುರೇನಿಯಂ ನಿಧಾನವಾಗಿ ಒಡೆಯುತ್ತಾ ಹಲವು ಮೆಟ್ಟಿಲು ಇಳಿದು ರೇಡಿಯಂ ಆಗುತ್ತೆ. ರೇಡಿಯಂ ಒಡೆದು ರೇಡಾನ್ ಎಂಬ ಅನಿಲ. ಅಲ್ಲಿಂದ ಇನ್ನೂ ಕೆಲವು ಮೆಟ್ಟಿಲು ಇಳಿದು ಪೊಲೋನಿಯಂ. ಕೊನೆಗೆ ಸೀಸ, ಅಲ್ಲಿಗೆ ನಿಲ್ಲುತ್ತೆ. ಒಂದು ರಾಶಿ ಪರಮಾಣುಗಳಲ್ಲಿ ಅರ್ಧ ಒಡೆಯಲು ಬೇಕಾಗುವ ಕಾಲಕ್ಕೆ ಅರ್ಧಾಯುಷ್ಯ ಅಂತ ಹೆಸರು. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ರೇಡಿಯಂ-226ರದು ಸುಮಾರು 1,600 ವರ್ಷ. ರೇಡಾನ್-222ರದು ನಾಲ್ಕು ದಿನಕ್ಕಿಂತ ಕಡಿಮೆ. ಪೊಲೋನಿಯಂ-210ರದು 138 ದಿನ.

ಭೂಮಿ ಹುಟ್ಟಿದಾಗ ಇದ್ದ ರೇಡಿಯಂ ಎಂದೋ ಮುಗಿದುಹೋಗಿದೆ. ಆದರೂ ಕಲ್ಲಿನಲ್ಲಿ ರೇಡಿಯಂ ಸಿಗುತ್ತದೆ. ಹೇಗೆ? ಒಂದು ದೊಡ್ಡ ಟ್ಯಾಂಕಿನ ನಲ್ಲಿಯಿಂದ ಹನಿ ಹನಿ ನೀರು ತೂತುಬಿದ್ದ ಕೊಡಕ್ಕೆ ಬೀಳುತ್ತಿದೆ ಅಂದುಕೊಳ್ಳಿ. ತೂತಿನಿಂದ ಸೋರಿದಷ್ಟೇ ಮೇಲಿಂದ ಬೀಳುತ್ತಿದ್ದರೆ ಕೊಡದ ತಳದಲ್ಲಿ ಸ್ವಲ್ಪ ನೀರು ಯಾವಾಗಲೂ ಇರುತ್ತೆ. ಟ್ಯಾಂಕು ಯುರೇನಿಯಂ, ಕೊಡ ರೇಡಿಯಂ. ಈ ಲೆಕ್ಕದಲ್ಲಿ ಸುಮಾರು 3 ಟನ್ ಯುರೇನಿಯಂ ಇರುವ ಕಡೆ 1 ಗ್ರಾಂ ರೇಡಿಯಂ ಇರುತ್ತೆ. ಪೊಲೋನಿಯಂ ಅದಕ್ಕಿಂತಲೂ ಬಹಳ ಕಡಿಮೆ. ಅದಕ್ಕೇ ಮೇರಿಯವರಿಗೆ ಶುದ್ಧ ಪೊಲೋನಿಯಂ ಕೈಗೆ ಸಿಗಲೇ ಇಲ್ಲ. ಕೂಡಿಡುವಷ್ಟರಲ್ಲಿ ಕರಗಿಹೋಗುತ್ತಿತ್ತು.

ಹೆಸರಿನ ಮುಂದೆ ಈ 226, 238 ಅಂಕಿ ಯಾಕೆ? ಯುರೇನಿಯಂ ಸಾಲಿನಲ್ಲಿ ಹುಟ್ಟುವ ರೇಡಿಯಂ 226. ಥೋರಿಯಂ ಸಾಲಿನಲ್ಲಿ ಹುಟ್ಟುವ ರೇಡಿಯಂ 228. ಎರಡೂ ರೇಡಿಯಮ್ಮೇ, ರಾಸಾಯನಿಕ ಗುಣ ಒಂದೇ, ತೂಕ ಮತ್ತು ಆಯುಷ್ಯ ಬೇರೆ. ಧಾತುಗಳ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಸ್ಥಾನ. ಅದಕ್ಕೇ ಇವಕ್ಕೆ ಸಮಸ್ಥಾನಿ ಅಥವಾ ಐಸೊಟೋಪ್ ಅನ್ನುತ್ತಾರೆ.

ಇವೆಲ್ಲ ಎಲ್ಲೋ ದೂರ ದೇಶದ ವಸ್ತು ಅಂದುಕೊಳ್ಳಬೇಡಿ. ಸಾಮಾನ್ಯ ಗ್ರಾನೈಟ್ ಕಲ್ಲಿನಲ್ಲೂ ಒಂದು ಟನ್ನಿಗೆ ಕೆಲವು ಗ್ರಾಂ ಯುರೇನಿಯಂ ಇರುತ್ತೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಕೇರಳದ ಕಡಲ ಮರಳಿನಲ್ಲಿ ಥೋರಿಯಂ ಇದೆ. ಅಷ್ಟೇಕೆ, ಬಾಳೆಹಣ್ಣಿನಲ್ಲೂ ನಮ್ಮ ಮೈಯಲ್ಲೂ ಪೊಟ್ಯಾಸಿಯಂ-40 ಇದೆ. ದೊಡ್ಡವರ ಮೈಯಲ್ಲಿ ಪ್ರತಿ ಸೆಕೆಂಡಿಗೆ ಅದರ ಸುಮಾರು 4,000 ಪರಮಾಣು ಒಡೆಯುತ್ತವೆ. ಹೆದರಬೇಕಾಗಿಲ್ಲ, ಮನುಷ್ಯ ಹುಟ್ಟಿದಾಗಿನಿಂದ ಹೀಗೇ ಇದೆ. ಆದರೆ ಇದರ ಜೊತೆ ಹೋಲಿಸಿ ನೋಡಿ: ಒಂದೇ ಗ್ರಾಂ ರೇಡಿಯಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣು ಒಡೆಯುತ್ತವೆ. ಅಂಥದ್ದನ್ನು ಮೇರಿ ವರ್ಷಗಟ್ಟಲೆ ಬರಿಗೈಯಲ್ಲಿ ಮುಟ್ಟಿದರು.

ಗೌರವವೂ ಬಂತು, ದುಃಖವೂ ಬಂತು

1903ರಲ್ಲಿ ನೊಬೆಲ್ ಬಹುಮಾನಕ್ಕೆ ಮೊದಲು ಬೆಕೆರಲ್ ಮತ್ತು ಪಿಯರ್ ಇಬ್ಬರ ಹೆಸರು ಮಾತ್ರ ಸೂಚಿಸಿದ್ದರು. ಕಡಾಯಿ ಕಲಕಿದವರ ಹೆಸರೇ ಇಲ್ಲ! ಸ್ವೀಡನ್ನಿನ ಒಬ್ಬ ಗಣಿತಜ್ಞರು ಈ ವಿಷಯ ಪಿಯರ್‌ಗೆ ತಿಳಿಸಿದರು. ಮೇರಿಯನ್ನು ಬಿಟ್ಟರೆ ಸರಿಯಾಗುವುದಿಲ್ಲ ಅಂತ ಪಿಯರ್ ಬರೆದರು. ಹೀಗೆ ಮೂವರಿಗೂ ಬಹುಮಾನ ಬಂತು. ನೊಬೆಲ್ ಪಡೆದ ಮೊದಲ ಮಹಿಳೆ ಮೇರಿ ಕ್ಯೂರಿ.

ರೇಡಿಯಂ ಕ್ಯಾನ್ಸರ್ ಗಡ್ಡೆಗಳನ್ನು ಸುಡುತ್ತೆ ಅಂತ ಗೊತ್ತಾಗಿ ಅದರ ಬೆಲೆ ಚಿನ್ನಕ್ಕಿಂತ ಎಷ್ಟೋ ಪಟ್ಟು ಏರಿತು. ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ಕ್ಯೂರಿಗಳು ದೊಡ್ಡ ಶ್ರೀಮಂತರಾಗುತ್ತಿದ್ದರು. ಅವರು ಪಡೆಯಲಿಲ್ಲ. ಕೇಳಿದವರಿಗೆಲ್ಲ ವಿಧಾನ ಬಿಚ್ಚಿ ಹೇಳಿದರು.

1904ರಲ್ಲಿ ಎರಡನೇ ಮಗಳು ಈವ್ ಹುಟ್ಟಿದಳು. 1906ರ ಏಪ್ರಿಲ್ 19, ಮಳೆ ಬರುತ್ತಿತ್ತು. ರಸ್ತೆ ದಾಟುವಾಗ ಪಿಯರ್ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಸ್ಥಳದಲ್ಲೇ ತೀರಿಕೊಂಡರು. ಮೇರಿಗೆ 38 ವರ್ಷ. ವಿಶ್ವವಿದ್ಯಾಲಯ ಪಿಯರ್ ಅವರ ಪಾಠದ ಕೆಲಸವನ್ನು ಮೇರಿಗೆ ಕೊಟ್ಟಿತು. ನವೆಂಬರ್ 5ರಂದು ಮೊದಲ ಪಾಠ. ಹೇಗೆ ಮಾತಾಡುತ್ತಾರೋ, ಅಳುತ್ತಾರೋ ಏನೋ ಅಂತ ನೋಡಲು ಜನ ಕಿಕ್ಕಿರಿದಿದ್ದರು. ಅವರು ಬಂದರು, ಪಿಯರ್ ಎಲ್ಲಿ ಪಾಠ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರು ಮಾಡಿದರು, ಮುಗಿಸಿ ಹೊರಟರು. ಸೊರ್ಬಾನ್‌ನಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅವರು.

1911ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ನಿಂತು ಕೂದಲೆಳೆಯಲ್ಲಿ ಸೋತರು. ಹೆಂಗಸು, ಪರದೇಶದವಳು ಅಂತ ಕೆಲವು ಪತ್ರಿಕೆಗಳು ಹೀನಾಯವಾಗಿ ಬರೆದವು. ಅದೇ ವರ್ಷ ಎರಡನೇ ನೊಬೆಲ್ ಬಂತು, ಈ ಸಲ ರಸಾಯನಶಾಸ್ತ್ರಕ್ಕೆ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡರಲ್ಲೂ ನೊಬೆಲ್ ಪಡೆದವರು ಇವತ್ತಿಗೂ ಅವರೊಬ್ಬರೇ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಗಾಯಾಳುಗಳ ಮೈಯಲ್ಲಿ ಗುಂಡು ಎಲ್ಲಿದೆ ಅಂತ ತಿಳಿಯಲು ಎಕ್ಸ್-ರೇ ಬೇಕು, ಆದರೆ ಯಂತ್ರವಿರುವುದು ದೊಡ್ಡ ಊರಿನ ಆಸ್ಪತ್ರೆಯಲ್ಲಿ. ಮೇರಿ ಮೋಟಾರು ಗಾಡಿಗಳಲ್ಲಿ ಎಕ್ಸ್-ರೇ ಯಂತ್ರ ಕೂರಿಸಿ ರಣರಂಗದ ಹತ್ತಿರಕ್ಕೇ ಒಯ್ದರು. ತಾವೇ ಗಾಡಿ ಓಡಿಸಲು ಕಲಿತರು. ಹದಿನೇಳು ವರ್ಷದ ಮಗಳು ಐರೀನ್ ಜೊತೆಗೆ ಬಂದಳು. ಸುಮಾರು 20 ಗಾಡಿಗಳನ್ನೂ 200 ಎಕ್ಸ್-ರೇ ಕೊಠಡಿಗಳನ್ನೂ ಸಜ್ಜುಗೊಳಿಸಿದರು.

ಯುದ್ಧ ಮುಗಿದಾಗ ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾಗಿ ನಕ್ಷೆಗೆ ಬಂತು. 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಒಂದು ಲಕ್ಷ ಡಾಲರ್ ಬೆಲೆಯ 1 ಗ್ರಾಂ ರೇಡಿಯಂ ಅನ್ನು ಅವರಿಗೆ ಕಾಣಿಕೆ ಕೊಟ್ಟರು. ರೇಡಿಯಂ ಕಂಡುಹಿಡಿದವರ ಹತ್ತಿರ ಅದನ್ನು ಕೊಳ್ಳುವ ದುಡ್ಡಿರಲಿಲ್ಲ. 1932ರಲ್ಲಿ ವಾರ್ಸಾದಲ್ಲೂ ರೇಡಿಯಂ ಸಂಸ್ಥೆ ಆರಂಭವಾಯಿತು. ಅದನ್ನು ನೋಡಿಕೊಂಡವರು ಯಾರು ಗೊತ್ತೇ? ಒಪ್ಪಂದದ ಅಕ್ಕ, ಡಾಕ್ಟರ್ ಬ್ರೋನ್ಯಾ!

ಇನ್ನೊಂದು ಲೆಕ್ಕ

ಈಗ ಬೇಸರದ ವಿಷಯವನ್ನೂ ಬರೆಯಬೇಕು. ಕಲ್ಲಿನ ಲೆಕ್ಕ ತಾಳೆಯಾಗದಿದ್ದಾಗ ಮೇರಿ ಬಿಡದೆ ಹಿಡಿದರು. ತಮ್ಮ ಮೈಯ ಲೆಕ್ಕ ತಾಳೆ ತಪ್ಪುತ್ತಿದ್ದಾಗ ಮಾತ್ರ ಗಮನ ಕೊಡಲಿಲ್ಲ. ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿದ್ದವು. ಸದಾ ಸುಸ್ತು. ಕಣ್ಣಿಗೆ ಪೊರೆ ಬಂದು ಹಲವು ಸಲ ಶಸ್ತ್ರಚಿಕಿತ್ಸೆ ಆಯಿತು. ಪಿಯರ್ ತಮ್ಮ ತೋಳಿನ ಮೇಲೆ ರೇಡಿಯಂ ಇಟ್ಟುಕೊಂಡು ಸುಟ್ಟಗಾಯವಾಗುತ್ತೆ ಅಂತ ತೋರಿಸಿದ್ದರು. ಗಾಯ ಮಾಡುವ ವಸ್ತು ಒಳಗೂ ಹಾನಿ ಮಾಡಬಹುದು ಅಂತ ಆ ಕಾಲದಲ್ಲಿ ಬಹಳ ಜನ ಯೋಚಿಸಲಿಲ್ಲ. ತಮ್ಮ ಸಂಸ್ಥೆಯ ಕೆಲಸಗಾರರಿಗೆ ಮೇರಿ ರಕ್ತಪರೀಕ್ಷೆ ಮಾಡಿಸುತ್ತಿದ್ದರು, ಎಚ್ಚರ ಹೇಳುತ್ತಿದ್ದರು. ತಮ್ಮ ವಿಷಯ ಬಂದಾಗ ಅಸಡ್ಡೆ.

1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಅಂಕಿಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುವ ಹುಡುಗಿಯರಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡುತ್ತಿದ್ದರು. ರೇಡಿಯಂ ನಮ್ಮ ಮೈಯಲ್ಲಿ ಸುಣ್ಣದ ಅಂಶದ ಹಾಗೆ ನಡೆದುಕೊಂಡು ಮೂಳೆಗೆ ಸೇರುತ್ತೆ. ಅವರ ದವಡೆ ಮೂಳೆಗಳು ಕೊಳೆತವು, ಹಲವರು ಚಿಕ್ಕ ವಯಸ್ಸಿಗೇ ಸತ್ತರು. ಶೆಡ್ಡಿನಲ್ಲಿ ಅಷ್ಟು ಚೆನ್ನಾಗಿ ಕಂಡ ಬೆಳಕೇ ಇದು.

1934ರ ಆರಂಭದಲ್ಲಿ ಮಗಳು ಐರೀನ್ ಮತ್ತು ಅಳಿಯ ಫ್ರೆಡರಿಕ್ ಜೋಲಿಯೋ ಕೃತಕವಾಗಿ ವಿಕಿರಣಶೀಲ ಧಾತು ತಯಾರಿಸಿದರು. ಮೇರಿ ಅದನ್ನು ಕಣ್ಣಾರೆ ಕಂಡರು. ಮರುವರ್ಷ ಮಗಳು ಅಳಿಯನಿಗೆ ನೊಬೆಲ್ ಬಂದಾಗ ಮಾತ್ರ ಅವರಿರಲಿಲ್ಲ. 1934ರ ಜುಲೈ 4ರಂದು, ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನು ನಿಲ್ಲಿಸುವ ಕಾಯಿಲೆಯಿಂದ, 66ನೇ ವಯಸ್ಸಿನಲ್ಲಿ ತೀರಿಕೊಂಡರು.

1995ರಲ್ಲಿ ಫ್ರಾನ್ಸ್ ದೇಶ ಮೇರಿ ಮತ್ತು ಪಿಯರ್ ಇಬ್ಬರನ್ನೂ ಮಹಾಪುರುಷರ ಸಮಾಧಿ ಇರುವ ಪ್ಯಾಂಥಿಯಾನ್‌ಗೆ ಗೌರವದಿಂದ ಸಾಗಿಸಿತು. ಸ್ವಂತ ಸಾಧನೆಗಾಗಿ ಆ ಜಾಗ ಪಡೆದ ಮೊದಲ ಮಹಿಳೆ ಅವರು. ಸಾಗಿಸುವಾಗ ಶವಪೆಟ್ಟಿಗೆಯ ವಿಕಿರಣವನ್ನು ಅಳೆದರು. ಅದು ಎಣಿಸಿದ್ದಕ್ಕಿಂತ ಕಡಿಮೆ ಇತ್ತು! ಹಾಗಾಗಿ ಅವರ ಕಾಯಿಲೆಗೆ ರೇಡಿಯಂಗಿಂತ ಯುದ್ಧಕಾಲದ ಎಕ್ಸ್-ರೇ ಕೆಲಸವೇ ಹೆಚ್ಚು ಕಾರಣವಿರಬಹುದು ಅಂತ ವಿಜ್ಞಾನಿಗಳು ಅಭಿಪ್ರಾಯಪಟ್ಟರು. ಎಲ್ಲರೂ ನಂಬಿದ್ದ ಕಥೆಯನ್ನು ಇನ್ನೊಂದು ಅಳತೆ ತಿದ್ದಿತು. ಅವರು ಬರೆದಿಟ್ಟ ನೋಟು ಪುಸ್ತಕಗಳಲ್ಲಿ ಮಾತ್ರ ರೇಡಿಯಂ ಇನ್ನೂ ಅಂಟಿಕೊಂಡಿದೆ. ಪ್ಯಾರಿಸ್‌ನಲ್ಲಿ ಸೀಸದ ಪೆಟ್ಟಿಗೆಯಲ್ಲಿ ಇಟ್ಟು ಕಾಪಾಡುತ್ತಿದ್ದಾರೆ.

ಹೈಸ್ಕೂಲು ದೂರ, ಬಸ್ಸಿಲ್ಲ, ದುಡ್ಡಿಲ್ಲ ಅಂತ ಓದು ನಿಲ್ಲಿಸುವ ಯೋಚನೆಯಲ್ಲಿರುವ ಅಕ್ಕಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಇಬ್ಬರು ಅಕ್ಕ ತಂಗಿಯ ಒಪ್ಪಂದವನ್ನು ಮನೆಯಲ್ಲಿ ಒಮ್ಮೆ ಹೇಳಿ ನೋಡಿ. ಪ್ರಯೋಗ ಮಾಡುವಾಗ ಪುಸ್ತಕದಲ್ಲಿ ಇರುವ ಅಂಕಿ ಬರಲಿಲ್ಲ ಅಂತಾದರೆ, ಬಂದ ಅಂಕಿಯನ್ನೇ ಬರೆದು ಗುರುಗಳಿಗೆ ತೋರಿಸಿ, ಮತ್ತೊಮ್ಮೆ ಅಳೆಯಿರಿ.

ಓದಿದವರಿಗೊಂದು ಲೆಕ್ಕ: ರೇಡಿಯಂನ ಅರ್ಧಾಯುಷ್ಯ 1,600 ವರ್ಷ. 1902ರಲ್ಲಿ ನೋಟು ಪುಸ್ತಕಕ್ಕೆ ಅಂಟಿದ ರೇಡಿಯಂ ಕಾಲು ಭಾಗಕ್ಕೆ ಇಳಿಯುವುದು ಯಾವ ಇಸವಿಯಲ್ಲಿ? ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಮತ್ತು ತರಗತಿ ಹಾಕಿ, ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಕೊಟ್ಟವರ ಹೆಸರು ಮುಂದಿನ ಸಂಚಿಕೆಯಲ್ಲಿ.